ಆರು ಜನ ಕೇಳಿದರೆ ಸಾಕು: ನಮ್ಮ ಕೌನ್ಸಿಲ್, ನಮ್ಮ ಬೀದಿ ಮತ್ತು ಸುಸ್ಥಿರ ಅಭಿವೃದ್ಧಿ



ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮಂಥ ಕುಟುಂಬಗಳಿಗೆ ಸ್ಥಳೀಯ ಕೌನ್ಸಿಲ್ ಎಂದರೆ ಮುಖ್ಯವಾಗಿ ನೆನಪಾಗುವುದು ಎರಡೇ ಸಂಗತಿ: ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಮತ್ತು ಕಸದ ಡಬ್ಬಿ. ಮಕ್ಕಳಿಗೆ ಶಾಲೆಯ ಸೀಟು ಬೇಕಾದಾಗ, ಮನೆಗೆ ಒಂದು ಕೋಣೆ ಸೇರಿಸಿ ಕಟ್ಟಬೇಕಾದಾಗ ಮತ್ತೆ ಒಮ್ಮೆ ಅದರ ನೆನಪಾಗುತ್ತದೆ. ಮಿಕ್ಕಂತೆ ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು. ಈ ದೂರ ನಮಗೆ ಒಳ್ಳೆಯದಲ್ಲ, ನಮ್ಮ ಮಕ್ಕಳಿಗಂತೂ ಖಂಡಿತ ಒಳ್ಳೆಯದಲ್ಲ ಎಂಬುದನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

"ಸುಸ್ಥಿರ ಅಭಿವೃದ್ಧಿ" ಎಂಬ ಮಾತನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ. ಕೇಳಿ ಕೇಳಿ ಅದು ಸವಕಲು ನಾಣ್ಯದಂತಾಗಿದೆ. ಅದು ವಿಶ್ವಸಂಸ್ಥೆಯ ದೊಡ್ಡವರ ಕೆಲಸ, ನಮ್ಮ ಬೀದಿಗೂ ಅದಕ್ಕೂ ಏನು ಸಂಬಂಧ ಎಂದು ಅನ್ನಿಸುವುದು ಸಹಜ. ಆದರೆ ಇದರ ಚರಿತ್ರೆಯನ್ನು ಸ್ವಲ್ಪ ನೋಡಿದರೆ, ಆ ದೊಡ್ಡವರೇ ಕೊನೆಗೆ ಬಂದು ನಿಂತದ್ದು ನಮ್ಮ ಬೀದಿಯ ಮುಂದೆ ಎಂಬುದು ತಿಳಿಯುತ್ತದೆ.

ದೊಡ್ಡ ಸಭೆಯಿಂದ ಸಣ್ಣ ಅಂಗಳಕ್ಕೆ

1987ರಲ್ಲಿ ನಾರ್ವೆಯ ಪ್ರಧಾನಿ ಗ್ರೋ ಹಾರ್ಲೆಮ್ ಬ್ರಂಟ್‌ಲಾಂಡ್ ಅವರ ಅಧ್ಯಕ್ಷತೆಯ ಆಯೋಗ ಒಂದು ವರದಿ ಕೊಟ್ಟಿತು. ಇಂದಿನವರ ಅಗತ್ಯಗಳನ್ನು ಪೂರೈಸಬೇಕು, ಆದರೆ ಮುಂದಿನ ಪೀಳಿಗೆಯವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಅದರಿಂದ ಕುಂದು ಬರಬಾರದು ಎಂಬುದು ಆ ವರದಿಯ ಸಾರ. ನಮ್ಮ ಹಿರಿಯರ ಭಾಷೆಯಲ್ಲಿ ಹೇಳುವುದಾದರೆ, ಬಿತ್ತನೆ ಬೀಜವನ್ನು ಕುಟ್ಟಿ ತಿನ್ನಬಾರದು.

1992ರ ಜೂನ್ ತಿಂಗಳಲ್ಲಿ ಬ್ರೆಜಿಲ್ ದೇಶದ ರಿಯೋ ಡಿ ಜನೈರೋದಲ್ಲಿ ಭೂ ಶೃಂಗಸಭೆ ಸೇರಿತು. 170ಕ್ಕೂ ಹೆಚ್ಚು ದೇಶಗಳು ಭಾಗವಹಿಸಿದ ಆ ಸಭೆ ಒಪ್ಪಿಕೊಂಡ ಕಾರ್ಯಯೋಜನೆಗೆ "ಅಜೆಂಡಾ 21" ಎಂದು ಹೆಸರು. ಅದರಲ್ಲಿ 40 ಅಧ್ಯಾಯಗಳಿವೆ. ಕಾಡು, ಸಮುದ್ರ, ಬಡತನ, ವ್ಯಾಪಾರ ಹೀಗೆ ಎಲ್ಲವೂ ಅಲ್ಲಿವೆ. ಆದರೆ ನಮಗೆ ಬೇಕಾದದ್ದು 28ನೆಯ ಅಧ್ಯಾಯ. ಅಲ್ಲಿ ಹೇಳಿರುವುದು ಇಷ್ಟು: ಈ ಸಮಸ್ಯೆಗಳಲ್ಲಿ ಬಹಳಷ್ಟಕ್ಕೆ ಬೇರೂ ಪರಿಹಾರವೂ ಊರಮಟ್ಟದಲ್ಲೇ ಇವೆ, ಆದ್ದರಿಂದ 1996ರ ಹೊತ್ತಿಗೆ ಪ್ರತಿಯೊಂದು ದೇಶದಲ್ಲೂ ಹೆಚ್ಚಿನ ಸ್ಥಳೀಯ ಆಡಳಿತಗಳು ತಮ್ಮ ನಿವಾಸಿಗಳ ಜೊತೆ ಕೂತು ಮಾತಾಡಿ, ತಮ್ಮ ಊರಿಗೆ ತಕ್ಕ ಒಂದು "ಸ್ಥಳೀಯ ಅಜೆಂಡಾ 21" ತಯಾರಿಸಬೇಕು.

ಕಾರಣವೂ ಸರಳ. ರಸ್ತೆ, ಚರಂಡಿ, ಕಸ, ಮನೆ ಕಟ್ಟುವ ಪರವಾನಗಿ, ಪಾರ್ಕು, ಇವನ್ನೆಲ್ಲ ನೋಡಿಕೊಳ್ಳುವುದು ರಾಜಧಾನಿಯ ಮಂತ್ರಿಗಳಲ್ಲ, ಸ್ಥಳೀಯ ಆಡಳಿತ. ಎಲ್ಲಿ ನೀರು ನಿಲ್ಲುತ್ತದೆ, ಯಾವ ದಾರಿಯಲ್ಲಿ ಮಕ್ಕಳು ನಡೆದು ಶಾಲೆಗೆ ಹೋಗಲು ಹೆದರುತ್ತಾರೆ ಎಂಬುದು ಗೊತ್ತಿರುವುದೋ ಅಲ್ಲಿ ವಾಸಿಸುವವರಿಗೆ. ಈ ಎರಡು ಪಕ್ಷದವರು ಒಂದೆಡೆ ಕೂರದಿದ್ದರೆ ಯೋಜನೆಗಳು ಕಾಗದದಲ್ಲೇ ಉಳಿಯುತ್ತವೆ.

ಬ್ರಿಟನ್ ನಡೆದ ಹಾದಿ

ನಮ್ಮ ಗುಜರಾತಿ ಸ್ನೇಹಿತರು ಬಹಳ ಸಂಖ್ಯೆಯಲ್ಲಿರುವ ಲೆಸ್ಟರ್ ನಗರ, ರಿಯೋ ಸಭೆಗಿಂತ ಮುಂಚೆಯೇ, 1990ರಲ್ಲಿ ಬ್ರಿಟನ್ನಿನ ಮೊದಲ "ಎನ್‌ವಿರಾನ್‌ಮೆಂಟ್ ಸಿಟಿ" ಎನಿಸಿಕೊಂಡಿತು. ಕೌನ್ಸಿಲ್, ವ್ಯಾಪಾರಸ್ಥರು ಮತ್ತು ಸ್ವಯಂಸೇವಾ ಸಂಘಗಳು ಒಂದೇ ಮೇಜಿನ ಸುತ್ತ ಕೂತು ನಗರದ ಕೆಲಸಗಳನ್ನು ಹಂಚಿಕೊಳ್ಳುವ ಪದ್ಧತಿ ಅಲ್ಲಿ ಬೆಳೆಯಿತು. 1997ರಲ್ಲಿ ಪ್ರಧಾನಿ ಟೋನಿ ಬ್ಲೇರ್ ಅವರು 2000ದ ಇಸವಿಯೊಳಗೆ ಬ್ರಿಟನ್ನಿನ ಎಲ್ಲ ಸ್ಥಳೀಯ ಆಡಳಿತಗಳೂ ತಮ್ಮ ಸ್ಥಳೀಯ ಅಜೆಂಡಾ 21 ತಯಾರಿಸಬೇಕೆಂದು ವಿಶ್ವಸಂಸ್ಥೆಯಲ್ಲಿಯೇ ಘೋಷಿಸಿದರು. ಬಹುಪಾಲು ಕೌನ್ಸಿಲುಗಳು ತಯಾರಿಸಿದವು ಕೂಡ. ಅದೇ 2000ದ ಕಾಯ್ದೆಯಲ್ಲಿ, ಊರಿನವರನ್ನು ಕೇಳಿ ಒಂದು ಸಮುದಾಯ ಯೋಜನೆ ಬರೆಯುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೌನ್ಸಿಲುಗಳಿಗೆ ಕಡ್ಡಾಯವಾಯಿತು.

ಮುಂದೆ ಏನಾಯಿತು ಎಂಬುದೂ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ಆ ಕಡ್ಡಾಯವನ್ನು 2015ರಲ್ಲಿ ತೆಗೆದುಹಾಕಿದರು. ಅದೇ ವರ್ಷ ವೇಲ್ಸ್ ತದ್ವಿರುದ್ಧ ದಾರಿ ಹಿಡಿದು "ಭಾವಿ ಪೀಳಿಗೆಗಳ ಯೋಗಕ್ಷೇಮ ಕಾಯ್ದೆ"ಯನ್ನೇ ಮಾಡಿತು. ಅಲ್ಲಿಯ ಕೌನ್ಸಿಲುಗಳು ಮತ್ತು ಇತರ ಸಾರ್ವಜನಿಕ ಸಂಸ್ಥೆಗಳು ಯಾವುದೇ ತೀರ್ಮಾನ ಕೈಗೊಳ್ಳುವಾಗ ಮುಂದಿನ ಪೀಳಿಗೆಯನ್ನು ಗಮನದಲ್ಲಿಡಬೇಕು, ಜನರನ್ನು ಒಳಗೊಳ್ಳಬೇಕು. ಅದನ್ನು ನೋಡಿಕೊಳ್ಳಲು ಒಬ್ಬ ಕಮಿಷನರ್ ಇದ್ದಾರೆ. ಹುಟ್ಟಲಿರುವ ಮಕ್ಕಳ ಪರವಾಗಿ ಮಾತಾಡಲು ಒಬ್ಬ ಅಧಿಕಾರಿ!

ಅಂದರೆ ಸರ್ಕಾರ ಕೊಟ್ಟ ಕಡ್ಡಾಯವನ್ನು ಸರ್ಕಾರವೇ ವಾಪಸು ಪಡೆಯಬಹುದು. ಯಾವ ಊರಿನಲ್ಲಿ ಜನ ಸುಮ್ಮನಿದ್ದರೋ ಅಲ್ಲಿ ಹಳೆಯ ಯೋಜನೆಗಳು ಕಪಾಟು ಸೇರಿದವು. ಯಾವ ಊರಿನಲ್ಲಿ ಜನ ಕೇಳುತ್ತಲೇ ಇದ್ದರೋ ಅಲ್ಲಿ ಕೆಲಸ ಮುಂದುವರಿಯಿತು. ಇದಕ್ಕೆ ಬ್ರಿಸ್ಟಲ್ ನಗರದ ಒಂದು ಬಡಾವಣೆ ಒಳ್ಳೆಯ ಉದಾಹರಣೆ.

ಬಡಾವಣೆಯವರೇ ನಿಲ್ಲಿಸಿದ ಗಾಳಿಯಂತ್ರ

ಬ್ರಿಸ್ಟಲ್ಲಿನ ವಾಯವ್ಯ ಅಂಚಿನಲ್ಲಿ ಲಾರೆನ್ಸ್ ವೆಸ್ಟನ್ ಎಂಬ ಬಡಾವಣೆಯಿದೆ. ಎರಡನೆಯ ಮಹಾಯುದ್ಧದ ನಂತರ ಕಟ್ಟಿದ ಕೌನ್ಸಿಲ್ ಮನೆಗಳು. ಹಣವಂತರ ಕೇರಿಯಲ್ಲ. ಒಂದೊಂದಾಗಿ ಸೌಕರ್ಯಗಳು ಮುಚ್ಚುತ್ತಾ ಬಂದಾಗ ಅಲ್ಲಿಯ ನಿವಾಸಿಗಳು ಸೇರಿ "ಆಂಬಿಷನ್ ಲಾರೆನ್ಸ್ ವೆಸ್ಟನ್" ಎಂಬ ಸಂಘ ಕಟ್ಟಿದರು. ಮನೆಮನೆಗೆ ಹೋಗಿ ನಿಮಗೇನು ಬೇಕು ಎಂದು ಕೇಳಿದರು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲಾಗದ ಕಷ್ಟ, ಕರೆಂಟು ಮತ್ತು ಗ್ಯಾಸ್ ಬಿಲ್ಲಿನ ಭಾರ, ಇವು ಅಲ್ಲಿಯ ದೊಡ್ಡ ಚಿಂತೆಗಳಾಗಿದ್ದವು.

ಹಾಗಾದರೆ ವಿದ್ಯುತ್ತನ್ನು ನಾವೇ ಏಕೆ ತಯಾರಿಸಬಾರದು ಎಂದು ಅವರು ಹೊರಟರು. ಆ ದಿನಗಳಲ್ಲಿ ಇದು ಸುಲಭದ ಮಾತಾಗಿರಲಿಲ್ಲ. 2015ರಲ್ಲಿ ಬಂದ ನಿಯಮದಿಂದಾಗಿ ಇಂಗ್ಲೆಂಡಿನಲ್ಲಿ ನೆಲದ ಮೇಲೆ ಹೊಸ ಗಾಳಿಯಂತ್ರ ನಿಲ್ಲಿಸುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಸ್ಥಳೀಯ ಯೋಜನೆಯಲ್ಲಿ ಆ ಜಾಗವನ್ನು ಗುರುತಿಸಿರಬೇಕು, ಸ್ಥಳೀಯರ ಬೆಂಬಲವೂ ಸ್ಪಷ್ಟವಾಗಿರಬೇಕು ಎಂಬುದು ಷರತ್ತು. ಬೇರೆಡೆ ಗಾಳಿಯಂತ್ರ ಬೇಡ ಎಂದು ಊರಿನವರು ಅರ್ಜಿ ಹಾಕುತ್ತಿದ್ದರೆ, ಇಲ್ಲಿ ಬೇಕು ಎಂದು ಊರಿನವರೇ ಅರ್ಜಿ ಹಾಕಿದರು. ಬ್ರಿಸ್ಟಲ್ ಕೌನ್ಸಿಲ್ 2020ರಲ್ಲಿ ಅನುಮತಿ ಕೊಟ್ಟಿತು. ಪ್ರಾದೇಶಿಕ ಆಡಳಿತದ ಮೂಲಕ ಅನುದಾನ ದೊರೆಯಿತು, ಉಳಿದ ದೊಡ್ಡ ಮೊತ್ತವನ್ನು ಸಾಲ ತಂದರು.

2023ರಲ್ಲಿ ಹತ್ತಿರದ ಏವನ್‌ಮೌತಿನಲ್ಲಿ 150 ಮೀಟರ್ ಎತ್ತರದ, 4.2 ಮೆಗಾವಾಟ್ ಸಾಮರ್ಥ್ಯದ ಗಾಳಿಯಂತ್ರ ತಿರುಗತೊಡಗಿತು. ಸುಮಾರು 3,500 ಮನೆಗಳು ಒಂದು ವರ್ಷ ಬಳಸುವಷ್ಟು ವಿದ್ಯುತ್ತನ್ನು ಅದು ಉತ್ಪಾದಿಸಬಲ್ಲದು. ಆ ವಿದ್ಯುತ್ತು ನೇರವಾಗಿ ಆ ಮನೆಗಳಿಗೇ ಹರಿಯುತ್ತದೆ ಎಂದಲ್ಲ. ಅದನ್ನು ಮಾರುತ್ತಾರೆ, ಸಾಲದ ಕಂತು ಕಳೆದು ಉಳಿದ ಲಾಭ ಬಡಾವಣೆಯ ಕೆಲಸಗಳಿಗೆ ಬರುತ್ತದೆ. 2024ರ ಜುಲೈನಲ್ಲಿ ಹೊಸ ಸರ್ಕಾರ ಹಳೆಯ ನಿರ್ಬಂಧವನ್ನು ತೆಗೆದುಹಾಕಿತು. ಆದರೆ ನಿರ್ಬಂಧವಿದ್ದ ಕಾಲದಲ್ಲೇ ಈ ಬಡಾವಣೆಯವರು ಸಾಧಿಸಿ ತೋರಿಸಿದ್ದರು.

ಇಲ್ಲಿ ಕೌನ್ಸಿಲ್ ಒಂದೇ ಇದ್ದಿದ್ದರೆ ಜನರ ಬೆಂಬಲವಿಲ್ಲದೆ ಕೆಲಸ ನಿಲ್ಲುತ್ತಿತ್ತು. ಜನ ಮಾತ್ರ ಇದ್ದಿದ್ದರೆ ಅನುಮತಿಯಿಲ್ಲದೆ ನಿಲ್ಲುತ್ತಿತ್ತು. ಎರಡು ಕೈ ಸೇರಿದರೆ ತಾನೇ ಚಪ್ಪಾಳೆ?

ವೇಲ್ಸ್‌ನ ಅಡುಗೆಮನೆಯ ಡಬ್ಬಿ

ಗಾಳಿಯಂತ್ರ ದೊಡ್ಡದಾಯಿತು, ಸಣ್ಣದೊಂದನ್ನು ಹೇಳಿ ಎಂದರೆ ವೇಲ್ಸ್‌ನ ಕಸದ ಕತೆಯಿದೆ. 1990ರ ದಶಕದ ಕೊನೆಯಲ್ಲಿ ಅಲ್ಲಿ ಮರುಬಳಕೆಗೆ ಹೋಗುತ್ತಿದ್ದ ಕಸ ನೂರಕ್ಕೆ ಐದರಷ್ಟು ಮಾತ್ರ. ಈಗ ನೂರಕ್ಕೆ 65ಕ್ಕೂ ಹೆಚ್ಚು. ಲೆಕ್ಕ ಹಾಕುವ ಕ್ರಮದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ, ಇಂಗ್ಲೆಂಡು ಹಲವು ವರ್ಷಗಳಿಂದ ನೂರಕ್ಕೆ 44ರ ಆಸುಪಾಸಿನಲ್ಲೇ ನಿಂತಿದೆ ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಸಾಧನೆ ಎಂಬುದು ತಿಳಿಯುತ್ತದೆ.

ಇದು ಹೇಗಾಯಿತು? ವೇಲ್ಸ್ ಸರ್ಕಾರ ತನ್ನ 22 ಕೌನ್ಸಿಲುಗಳಿಗೆ ಕಾನೂನಿನ ಮೂಲಕ ಗುರಿ ನಿಗದಿಪಡಿಸಿತು, ಜೊತೆಗೆ ಹಣವನ್ನೂ ಕೊಟ್ಟಿತು. ಕೌನ್ಸಿಲುಗಳು ಪ್ರತಿ ಮನೆಗೂ ಆಹಾರದ ಕಸಕ್ಕೆಂದು ಬೇರೆ ಡಬ್ಬಿ ಕೊಟ್ಟು ವಾರವಾರ ಒಯ್ಯತೊಡಗಿದವು. ಮೂರನೆಯ ಪಾಲು ಮನೆಯವರದು: ಅವರು ದಿನವೂ ಬೇರ್ಪಡಿಸಿದರು. ತರಕಾರಿ ಸಿಪ್ಪೆ, ಟೀ ಚರಟ, ಒಗ್ಗರಣೆಯ ಕರಿಬೇವಿನ ಕಡ್ಡಿ, ಉಳಿದ ಅನ್ನ, ಇವೆಲ್ಲ ಗಾಳಿಯಾಡದ ದೊಡ್ಡ ತೊಟ್ಟಿಗಳಲ್ಲಿ ಕೊಳೆತು ಗ್ಯಾಸ್ ಆಗುತ್ತವೆ, ಆ ಗ್ಯಾಸಿನಿಂದ ವಿದ್ಯುತ್ತು ಬರುತ್ತದೆ, ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ. ನಮ್ಮ ಊರಿನ ಗೋಬರ್ ಗ್ಯಾಸ್ ತತ್ತ್ವವೇ ಇದು. ಅದೇ ಆಹಾರದ ಕಸವನ್ನು ಬೇರೆ ಕಸದೊಂದಿಗೆ ಗುಂಡಿಯಲ್ಲಿ ಹೂತರೆ ಮೀಥೇನ್ ಆಗಿ ಗಾಳಿಗೆ ಸೇರುತ್ತದೆ.

ಇಂಗ್ಲೆಂಡಿನಲ್ಲೂ 2026ರ ಮಾರ್ಚ್ 31ರಿಂದ ಹೆಚ್ಚಿನ ಮನೆಗಳಿಂದ ಪ್ರತಿ ವಾರ ಆಹಾರದ ಕಸವನ್ನು ಬೇರೆಯಾಗಿ ಒಯ್ಯಬೇಕೆಂದು ಸರ್ಕಾರ ನಿಯಮ ಮಾಡಿದೆ. ಕೆಲವು ಕೌನ್ಸಿಲುಗಳಿಗೆ ಹೆಚ್ಚಿನ ಕಾಲಾವಕಾಶ ಸಿಕ್ಕಿದೆ. ಆದರೆ ಡಬ್ಬಿ ಮನೆಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸಮಾರಂಭದ ದಿನ ನೂರಾರು ಜನಕ್ಕೆ ಅಡುಗೆ ಮಾಡುವ ನಮ್ಮಂಥವರು ಉಳಿದದ್ದನ್ನೆಲ್ಲ ಒಂದೇ ಕಪ್ಪು ಚೀಲಕ್ಕೆ ತುಂಬಿದರೆ ಡಬ್ಬಿಯಿಂದ ಏನು ಫಲ?

ಆರು ಜನ ಮತ್ತು ಇಪ್ಪತ್ತೊಂದು ಜನ

ಸರಿ, ಕೇಳುವುದು ಹೇಗೆ? ನಾವು ನಾಲ್ಕಾರು ಮನೆಯವರು, ನಮ್ಮ ಮಾತನ್ನು ಯಾರು ಕೇಳುತ್ತಾರೆ ಎಂದು ತಮಗೆ ಅನ್ನಿಸಬಹುದು. ಈ ದೇಶದ ಕಾನೂನಿನಲ್ಲಿ ಕೆಲವು ಸಂಖ್ಯೆಗಳಿವೆ. ಅವು ಆಶ್ಚರ್ಯಪಡುವಷ್ಟು ಚಿಕ್ಕವು.

ಮೊದಲನೆಯದು ಆರು. 1908ರ ಒಂದು ಕಾಯ್ದೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮತದಾರರ ಪಟ್ಟಿಯಲ್ಲಿರುವ ಅಥವಾ ಕೌನ್ಸಿಲ್ ಟ್ಯಾಕ್ಸ್ ಕಟ್ಟುವ ಯಾವುದೇ ಆರು ಜನ ನಿವಾಸಿಗಳು ಸೇರಿ, ನಮಗೆ ತರಕಾರಿ ಬೆಳೆಯಲು ಅಲಾಟ್‌ಮೆಂಟ್ ಬೇಕು ಎಂದು ಬರೆದುಕೊಟ್ಟರೆ, ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಬೇಡಿಕೆ ಇರುವುದು ನಿಜವೆಂದು ಕಂಡರೆ ಜಾಗ ಒದಗಿಸುವುದು ಅದರ ಕರ್ತವ್ಯ. ಒಳಲಂಡನ್ನಿನ ಬರೋಗಳಿಗೆ ಈ ಕಡ್ಡಾಯವಿಲ್ಲ. ಪ್ಯಾರಿಷ್ ಕೌನ್ಸಿಲ್ ಇರುವ ಕಡೆ ಅರ್ಜಿಯನ್ನು ಅದಕ್ಕೇ ಕೊಡಬೇಕು. ಕಾಲಮಿತಿಯನ್ನು ಕಾನೂನು ಹೇಳುವುದಿಲ್ಲ, ಕಾಯುವವರ ಪಟ್ಟಿ ಹಲವೆಡೆ ಉದ್ದವಿದೆ, ಆದ್ದರಿಂದ ತಾಳ್ಮೆ ಬೇಕು. ಪೂರ್ತಿ ಅಳತೆಯ ಒಂದು ಅಲಾಟ್‌ಮೆಂಟ್ ಸುಮಾರು 250 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಇಲ್ಲಿಯ ಬೇಸಿಗೆಯಲ್ಲಿ ಮೆಂತ್ಯ, ಕೊತ್ತಂಬರಿ, ಪಾಲಕ್ ಚೆನ್ನಾಗಿಯೇ ಬರುತ್ತವೆ. ವಿಮಾನದಲ್ಲಿ ಬಂದ ಸೊಪ್ಪಿನ ಕಟ್ಟಿಗೆ ಎರಡು ಪೌಂಡು ಕೊಡುವ ಬದಲು, ಅಜ್ಜ ಅಜ್ಜಿಯರು ಊರಿಂದ ಬಂದ ತಿಂಗಳುಗಳಲ್ಲಿ ಮೊಮ್ಮಕ್ಕಳ ಜೊತೆ ಮಣ್ಣು ಮುಟ್ಟಿದರೆ ಎಷ್ಟು ಚೆನ್ನ!

ಎರಡನೆಯದು ಇಪ್ಪತ್ತೊಂದು. ಊರಿನ ಸಭಾಂಗಣ, ಗ್ರಂಥಾಲಯ, ಅಂಗಡಿ, ಆಟದ ಮೈದಾನ ಇಂಥದ್ದನ್ನು "ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ" ಎಂದು ಕೌನ್ಸಿಲ್ ಪಟ್ಟಿಯಲ್ಲಿ ಸೇರಿಸುವಂತೆ ಕೇಳುವ ಹಕ್ಕನ್ನು 2011ರ ಲೋಕಲಿಸಂ ಆಕ್ಟ್ ಇಂಗ್ಲೆಂಡಿನ ಜನರಿಗೆ ಕೊಟ್ಟಿತು. ನೋಂದಣಿಯಾಗದ ಗುಂಪಾದರೂ ಸರಿ, ಆ ಕೌನ್ಸಿಲ್ ಅಥವಾ ನೆರೆಯ ಕೌನ್ಸಿಲಿನ ಮತದಾರರ ಪಟ್ಟಿಯಲ್ಲಿರುವ 21 ಸದಸ್ಯರಿದ್ದರೆ ಸಾಕು. ಸ್ಥಳೀಯ ಸಂಬಂಧವುಳ್ಳ ನೋಂದಾಯಿತ ಚಾರಿಟಿಯೂ ಕೇಳಬಹುದು. ಪಟ್ಟಿಗೆ ಸೇರಿದ ಆಸ್ತಿಯನ್ನು ಮಾಲೀಕರು ಮಾರಲು ಹೊರಟರೆ ಮೊದಲು ಕೌನ್ಸಿಲಿಗೆ ತಿಳಿಸಬೇಕು. ಸಮುದಾಯದವರು ಕೊಳ್ಳಲು ಆಸಕ್ತಿ ತೋರಿದರೆ, ಹಣ ಹೊಂದಿಸಿಕೊಳ್ಳಲು ಆರು ತಿಂಗಳ ಅವಕಾಶ ಎಂದು ಆ ಕಾಯ್ದೆಯ ನಿಯಮಗಳು ಗೊತ್ತುಪಡಿಸಿದವು. ಅವರಿಗೇ ಮಾರಬೇಕೆಂಬ ಬಲವಂತ ಅದರಲ್ಲಿರಲಿಲ್ಲ. ಈ ಹಕ್ಕನ್ನು ಇನ್ನಷ್ಟು ಬಲಪಡಿಸುವ ಮಸೂದೆಯನ್ನು ಸರ್ಕಾರ 2025ರ ಜುಲೈನಲ್ಲಿ ಪಾರ್ಲಿಮೆಂಟಿನ ಮುಂದಿಟ್ಟಿತು. ಸ್ಕಾಟ್‌ಲೆಂಡಿನಲ್ಲಿ 2015ರ ಸಮುದಾಯ ಸಬಲೀಕರಣ ಕಾಯ್ದೆಯಡಿ, ಸಾರ್ವಜನಿಕ ಸಂಸ್ಥೆಗಳ ಜಾಗ ಅಥವಾ ಕಟ್ಟಡವನ್ನು ನಮಗೆ ವಹಿಸಿಕೊಡಿ ಎಂದು ಸಮುದಾಯ ಸಂಘಗಳೇ ಅರ್ಜಿ ಹಾಕಬಹುದು.

ಅದೇ 21ರ ಸಂಖ್ಯೆ ಇನ್ನೊಂದು ಕಡೆಯೂ ಇದೆ. ಪ್ಯಾರಿಷ್ ಕೌನ್ಸಿಲ್ ಇಲ್ಲದ ಪ್ರದೇಶದಲ್ಲಿ 21 ಜನ ಸೇರಿ ನೆರೆಹೊರೆ ವೇದಿಕೆ ರಚಿಸಿಕೊಂಡು, ಎಲ್ಲಿ ಮನೆ ಕಟ್ಟಬೇಕು, ಯಾವ ಹಸಿರನ್ನು ಮುಟ್ಟಬಾರದು ಎಂಬ ಯೋಜನೆ ಬರೆಯಬಹುದು. ಊರಿನವರ ಮತದಾನದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಅದಕ್ಕೆ ಕಾನೂನಿನ ತೂಕ ಬರುತ್ತದೆ. ಕಂಬ್ರಿಯಾದ ಅಪ್ಪರ್ ಈಡನ್ ಪ್ರದೇಶದವರು 2013ರಲ್ಲಿ ಇಂಥ ಮತದಾನದಲ್ಲಿ ಮೊದಲಿಗರಾಗಿ ಗೆದ್ದರು.

ಮೂರನೆಯ ಸಂಖ್ಯೆ ಒಂದು. ಲೈಟ್ ಕಂಬಕ್ಕೆ ಕಟ್ಟಿದ ಪ್ಲಾನಿಂಗ್ ನೋಟೀಸನ್ನು ತಾವು ನೋಡಿರುತ್ತೀರಿ. ಸಾಮಾನ್ಯವಾಗಿ 21 ದಿನಗಳೊಳಗೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ನನ್ನ ಮನೆಯ ಬೆಲೆ ಇಳಿಯುತ್ತದೆ ಎಂದರೆ ಲೆಕ್ಕಕ್ಕೆ ಬಾರದು. ಬೆಳಕು, ವಾಹನ ಸಂಚಾರ, ಮರಗಳು, ಮಳೆನೀರಿನ ಹರಿವು ಇವುಗಳ ಬಗ್ಗೆ ಬರೆದರೆ ಅಧಿಕಾರಿಗಳು ಪರಿಶೀಲಿಸಲೇಬೇಕು. ಒಬ್ಬರ ಪತ್ರಕ್ಕೂ ಅಲ್ಲಿ ಜಾಗವಿದೆ.

ನಮ್ಮ ಮನೆಯ ಅಂಗಳವೂ ಇದರಲ್ಲಿ ಸೇರಿದೆ. 2007ರ ಪ್ರವಾಹಗಳ ನಂತರ, 2008ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ ಮನೆಯ ಮುಂದಿನ ತೋಟದಲ್ಲಿ ಐದು ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ನೀರಿಂಗದ ಕಾಂಕ್ರೀಟು ಅಥವಾ ಟಾರು ಹಾಕಿ ನೀರನ್ನು ರಸ್ತೆಗೆ ಬಿಡಬೇಕಾದರೆ ಅನುಮತಿ ಪಡೆಯಬೇಕು. ನೀರಿಂಗುವ ಕಲ್ಲು ಹಾಕಿದರೆ ಅಥವಾ ನೀರು ಹೂವಿನ ಪಾತಿಗೆ ಹರಿಯುವಂತೆ ಮಾಡಿದರೆ ಅನುಮತಿ ಬೇಡ. ಕಾರು ನಿಲ್ಲಿಸಲು ಎಲ್ಲರೂ ಅಂಗಳ ಮುಚ್ಚಿದರೆ, ಒಂದೇ ಮಳೆಗೆ ಬೀದಿಯ ಚರಂಡಿ ಉಕ್ಕಿ ಕೊನೆಯ ಮನೆಯವರ ಹಜಾರಕ್ಕೆ ನೀರು ನುಗ್ಗುತ್ತದೆ.

ಕೌನ್ಸಿಲಿನ ಕೈ ಬರಿದಾದಾಗ

ಇಷ್ಟೆಲ್ಲ ಈಗ ಹೇಳುತ್ತಿರುವುದಕ್ಕೆ ಕಾರಣವಿದೆ. 2010ರ ನಂತರ ಕೇಂದ್ರ ಸರ್ಕಾರದ ಅನುದಾನ ಬಹಳ ಕಡಿತವಾಯಿತು. ವೃದ್ಧರ, ಅಂಗವಿಕಲರ ಮತ್ತು ಕಷ್ಟದಲ್ಲಿರುವ ಮಕ್ಕಳ ಆರೈಕೆ ಕೌನ್ಸಿಲುಗಳ ಕಾನೂನುಬದ್ಧ ಹೊಣೆ. ಅದರ ಖರ್ಚು ಏರುತ್ತಲೇ ಇದೆ. ದೊಡ್ಡ ಕೌನ್ಸಿಲುಗಳ ಹಣದ ಹೆಚ್ಚಿನ ಪಾಲು ಅಲ್ಲಿಗೇ ಹೋಗುತ್ತದೆ. ಆಯವ್ಯಯ ಸರಿದೂಗದಾಗ "ಸೆಕ್ಷನ್ 114" ನೋಟೀಸು ಹೊರಡಿಸಿ ಹೊಸ ಖರ್ಚು ನಿಲ್ಲಿಸುತ್ತಾರೆ. ಕ್ರಾಯ್ಡನ್ 2020ರಲ್ಲಿ, ಬರ್ಮಿಂಗ್‌ಹ್ಯಾಮ್ ಮತ್ತು ನಾಟಿಂಗ್‌ಹ್ಯಾಮ್ 2023ರಲ್ಲಿ ಈ ಸ್ಥಿತಿಗೆ ಬಂದವು. ಕನ್ನಡ ಕುಟುಂಬಗಳು ವಾಸವಾಗಿರುವ ಊರುಗಳೇ ಇವು.

ಇಂಥ ಸಮಯದಲ್ಲಿ ಮೊದಲು ಕತ್ತರಿ ಬೀಳುವುದು ಕಾನೂನು ಕಡ್ಡಾಯ ಮಾಡದ ಅಥವಾ ಕನಿಷ್ಠ ಮಟ್ಟಕ್ಕೆ ಇಳಿಸಬಹುದಾದ ಸೇವೆಗಳಿಗೆ: ಯುವಕರ ಕ್ಲಬ್ಬು, ಬಡಾವಣೆಯ ಗ್ರಂಥಾಲಯ, ಸಮುದಾಯ ಭವನ, ಪಾರ್ಕಿನ ಮಾಲಿ. ನಮ್ಮ ಕನ್ನಡ ತರಗತಿಗಳು, ಯುಗಾದಿಯ ಊಟ, ರಾಜ್ಯೋತ್ಸವ, ಮಕ್ಕಳ ಭರತನಾಟ್ಯದ ಅಭ್ಯಾಸ ಬಹುಮಟ್ಟಿಗೆ ನಡೆಯುವುದು ಇಂಥ ಭವನಗಳಲ್ಲೇ. ಕಡಿಮೆ ಬಾಡಿಗೆಯ ಆ ಸಭಾಂಗಣ ಮಾರಾಟವಾಗಿ ಫ್ಲ್ಯಾಟುಗಳಾದರೆ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು? ಮುಚ್ಚುವ ಮುನ್ನ ಕೌನ್ಸಿಲುಗಳು ಸಾಮಾನ್ಯವಾಗಿ ಅಭಿಪ್ರಾಯ ಕೇಳುತ್ತವೆ. ಆ ಪ್ರಶ್ನಾವಳಿಗೆ ಉತ್ತರಿಸಿದವರು ಕೆಲವರೇ ಆದರೆ, ಈ ಭವನವನ್ನು ಬಳಸುವವರು ಅಷ್ಟೇ ಎಂದು ಕಡತದಲ್ಲಿ ದಾಖಲಾಗುತ್ತದೆ. ನಾವು ಬಳಸುತ್ತೇವೆ, ಬಾಡಿಗೆ ಕಟ್ಟುತ್ತೇವೆ, ಕಸ ಗುಡಿಸಿ ಬೀಗ ಹಾಕಿ ಬರುತ್ತೇವೆ. ಆದರೆ ಉತ್ತರ ಬರೆಯದಿದ್ದರೆ ಆ ಕಡತದ ಮಟ್ಟಿಗೆ ನಾವು ಅಲ್ಲಿ ಇಲ್ಲವೇ ಇಲ್ಲ.

ನಮ್ಮ ಯುಗಾದಿ ಊಟದ ಒಂದು ಪಂಕ್ತಿಯಲ್ಲಿ ಇಪ್ಪತ್ತೊಂದು ಜನ ಸಿಕ್ಕುವುದಿಲ್ಲವೇ?

ಊರಿನ ಕೆರೆ ಕಲಿಸಿದ್ದು

ಇದೆಲ್ಲ ನಮಗೆ ಹೊಸದೂ ಅಲ್ಲ. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ. ಅವುಗಳಲ್ಲಿ ಬಹಳಷ್ಟನ್ನು ತಲೆಮಾರುಗಳ ಕಾಲ ಕಾಪಾಡಿದ್ದು ಊರಿನವರು. ತೂಬು ತೆರೆದು ಗದ್ದೆಗೆ ಪಾಳಿಯ ಮೇಲೆ ನೀರು ಬಿಡಲು ನೀರುಗಂಟಿ ಇದ್ದ. ಹೂಳೆತ್ತಲು ಮನೆಗೊಂದಾಳು ಬರಬೇಕಿತ್ತು. ಕೆರೆ ಸರ್ಕಾರದ್ದು ಎಂದಾದ ಮೇಲೆ ಹೂಳೆತ್ತುವುದು ಯಾರ ಕೆಲಸವೂ ಅಲ್ಲದಂತಾಯಿತು. ಇದನ್ನು ಸರಿಪಡಿಸಲು 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಜಲಸಂವರ್ಧನೆ ಯೋಜನೆ ಮೊದಲು ಮಾಡಿದ ಕೆಲಸವೆಂದರೆ ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ, ಕೆರೆಯ ಜವಾಬ್ದಾರಿಯನ್ನು ಮತ್ತೆ ಊರಿನವರ ಕೈಗೆ ಕೊಡಲು ಪ್ರಯತ್ನಿಸಿದ್ದು.

ಊರಿನವರ ಕೈಗೆ ಅಧಿಕಾರ ಎಂಬ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿತ್ತು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಜನ ಪ್ರೀತಿಯಿಂದ "ನೀರ್ ಸಾಬ್" ಎಂದು ಕರೆದ ಅಬ್ದುಲ್ ನಜೀರ್ ಸಾಬ್ ಅವರು ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಮಂತ್ರಿಯಾಗಿ ತಂದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆಗಳು ನಡೆದವು. ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು ಅದಾಗಿ ಆರು ವರ್ಷಕ್ಕೆ, 1993ರ ಏಪ್ರಿಲ್ 24ರಂದು. ಗ್ರಾಮಸಭೆ ಎಂಬುದು ಈಗ ಪ್ರತಿ ಹಳ್ಳಿಯ ಹಕ್ಕು.

ಚಾರಿಟಿಗೆ ಹಣ ಕೊಡುವ ನಮ್ಮೆಲ್ಲರಿಗೂ ಇದರಲ್ಲಿ ಒಂದು ಪಾಠವಿದೆ. ಇಲ್ಲಿಂದ ಕಳಿಸಿದ ಹಣದಲ್ಲಿ ಹಳ್ಳಿಗೊಂದು ಶುದ್ಧ ನೀರಿನ ಘಟಕ ಕೂರಿಸಬಹುದು, ಶಾಲೆಗೆ ಶೌಚಾಲಯ ಕಟ್ಟಿಸಬಹುದು. ಹಾರ ಹಾಕಿ ಫೋಟೋ ತೆಗೆದ ಮೇಲೆ, ಫಿಲ್ಟರ್ ಬದಲಿಸುವವರು ಯಾರು? ತೊಟ್ಟಿಗೆ ನೀರು ಬಿಡುವವರು ಯಾರು? ಕರೆಂಟ್ ಬಿಲ್ ಕಟ್ಟುವವರು ಯಾರು? ಹೀಗೆ ಕೇಳುವವರಿಲ್ಲದೆ ತುಕ್ಕು ಹಿಡಿದ ಘಟಕಗಳನ್ನು ರಜೆಗೆ ಊರಿಗೆ ಹೋದಾಗ ತಾವೂ ನೋಡಿರಬಹುದು. ಆದ್ದರಿಂದ ಯಾವುದೇ ಯೋಜನೆಗೆ ಹಣ ಕೊಡುವ ಮುನ್ನ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು: ಇದನ್ನು ಬೇಕೆಂದು ಕೇಳಿದವರು ಊರಿನವರೇ? ಗ್ರಾಮ ಪಂಚಾಯಿತಿ ಒಪ್ಪಿ ಠರಾವು ಮಾಡಿದೆಯೇ? ಐದು ವರ್ಷದ ನಂತರ ಇದರ ರಿಪೇರಿ ಯಾರ ಜವಾಬ್ದಾರಿ? ಉತ್ತರ ಸಿಕ್ಕರೆ ಮಾತ್ರ ಅದು ಸುಸ್ಥಿರ.

ನಮ್ಮಿಂದ ಏನಾದೀತು?

ಮೊದಲಿಗೆ, ಮತದಾರರ ಪಟ್ಟಿಯಲ್ಲಿ ಹೆಸರು. ನಮ್ಮಲ್ಲಿ ಎಷ್ಟೋ ಜನರಿಗೆ ಈ ವಿಷಯ ತಿಳಿದಿಲ್ಲ: ಭಾರತದ ಪಾಸ್‌ಪೋರ್ಟ್ ಇರುವವರೂ ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ, ಇಲ್ಲಿ ಕಾನೂನುಬದ್ಧವಾಗಿ ವಾಸವಾಗಿದ್ದರೆ ಕೌನ್ಸಿಲ್ ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ಬ್ರಿಟಿಷ್ ಪೌರತ್ವಕ್ಕೆ ಕಾಯಬೇಕಿಲ್ಲ. ಸ್ಕಾಟ್‌ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೌನ್ಸಿಲ್ ಚುನಾವಣೆಗೆ 16 ವರ್ಷ ತುಂಬಿದ ಮಕ್ಕಳಿಗೂ ಮತವಿದೆ.

ಎರಡನೆಯದು, ತಮ್ಮ ವಾರ್ಡಿನ ಕೌನ್ಸಿಲರ್ ಯಾರೆಂದು ತಿಳಿಯುವುದು. ಅವರು ಜನರನ್ನು ಭೇಟಿ ಮಾಡುವ ಸಮಯಕ್ಕೆ ಇಲ್ಲಿ "ಸರ್ಜರಿ" ಎನ್ನುತ್ತಾರೆ. ನಮ್ಮಲ್ಲಿ ಡಾಕ್ಟರುಗಳೇ ಜಾಸ್ತಿ, ಆದ್ದರಿಂದ ಹೇಳಿಬಿಡುತ್ತೇವೆ: ಅಲ್ಲಿ ಕತ್ತಿ ಕತ್ತರಿ ಏನೂ ಇಲ್ಲ, ಮಾತು ಮಾತ್ರ! ಕಷ್ಟ ಬಂದಾಗಲೇ ಹೋಗಬೇಕೆಂದಿಲ್ಲ. ನಮ್ಮ ಹಬ್ಬಕ್ಕೆ ಅವರನ್ನು ಕರೆದು ಒಂದು ಹೋಳಿಗೆ ಬಡಿಸಿದರೆ, ಮುಂದೆ ಸಭಾಂಗಣದ ಪ್ರಶ್ನೆ ಬಂದಾಗ ನಾವು ಯಾರೆಂಬುದು ಅವರಿಗೆ ಗೊತ್ತಿರುತ್ತದೆ.

ಮೂರನೆಯದು, ಪ್ರತಿ ಸಂಘದಲ್ಲೂ ಒಬ್ಬರು ಕೌನ್ಸಿಲಿನ ಪ್ರಕಟಣೆಗಳನ್ನು ಓದಿ ಉಳಿದವರಿಗೆ ಕನ್ನಡದಲ್ಲಿ ತಿಳಿಸುವ ಹೊಣೆ ಹೊರಲಿ. ಪ್ರಶ್ನಾವಳಿ ಬಂದಾಗ ಹತ್ತು ಮನೆಯವರು ಒಟ್ಟಿಗೆ ಕೂತು ತಂತಮ್ಮ ಉತ್ತರ ಬರೆಯಲಿ. ಹದಿಹರೆಯದ ಮಕ್ಕಳನ್ನೂ ಸೇರಿಸಿಕೊಳ್ಳಿ, ಅವರು ನಮಗಿಂತ ಚೆನ್ನಾಗಿ ಬರೆಯುತ್ತಾರೆ.

ನಮ್ಮವರು ಈ ಹಾದಿಯಲ್ಲಿ ನಡೆದಿಲ್ಲವೆಂದೇನೂ ಅಲ್ಲ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಅವರು ಲಂಡನ್ನಿನ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದರು. ಅದೇ ಬರೋದಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಆ ಪ್ರತಿಮೆ ಅಲ್ಲಿ ನಿಲ್ಲಲೂ ಕೌನ್ಸಿಲಿನ ಪ್ಲಾನಿಂಗ್ ಅನುಮತಿ ಬೇಕಾಗಿತ್ತು. ಕೇಳಿದವರಿದ್ದರು, ಆದ್ದರಿಂದ ಕೆಲಸವಾಯಿತು.

ಕೇಳಿದ್ದೆಲ್ಲ ಸಿಕ್ಕೀತೆಂದು ನಾವು ಹೇಳುತ್ತಿಲ್ಲ. ಆದರೆ ಕೇಳದೆ ಉಳಿದದ್ದು ಬಹಳ ಕಡಿಮೆ. ಈ ವರ್ಷ ತಮ್ಮ ತಮ್ಮ ಊರಿನಲ್ಲಿ ಆರು ಜನ ಒಟ್ಟಾಗಿ ಒಂದು ಅರ್ಜಿ ಬರೆಯಿರಿ: ಅದು ತೋಟಕ್ಕಿರಲಿ, ಮಕ್ಕಳು ರಸ್ತೆ ದಾಟುವ ಜಾಗಕ್ಕಿರಲಿ, ಸಭಾಂಗಣದ ಉಳಿವಿಗಿರಲಿ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ದೇಣಿಗೆ ಕೇಳುವಾಗಲೆಲ್ಲ ಹೇಳುತ್ತೇವೆ. ಸಹಿಗಳಿಗೂ ಅದೇ ಗಾದೆ ಅನ್ವಯಿಸುತ್ತದೆ.